ನಿನ್ನೆಯ ಗುಳಿಯಲ್ಲಿ ಬಾವುಟ

ಹತ್ತೊಂಬತ್ತು ವರ್ಷಗಳಿಂದ ಈ ದ್ವೀಪದ ಕಡಲತೀರದಲ್ಲಿ ಸೀಟಿ ಊದುತ್ತಿದ್ದೇನೆ. ಎರಡು ಬಾವುಟಗಳ ನಡುವೆ ಮಾತ್ರ ಈಜಿ ಎಂದು ರಜೆಗೆ ಬಂದವರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ. ಅವರು ತಲೆಯಾಡಿಸುತ್ತಾರೆ, ಆಮೇಲೆ ನೆಟ್ಟಗೆ ಅಲೆ ಏಳದ ಜಾಗಕ್ಕೇ ಹೋಗುತ್ತಾರೆ. ನೀರು ಸಾಧುವಾಗಿ ಕಾಣುವುದು ಅಲ್ಲೇ. ತಳದ ಮರಳು ಕೊರೆದುಕೊಂಡು ಕಡಲಿಗೆ ವಾಪಸು ಓಡುವುದೂ ಅಲ್ಲೇ. ನಾವು ಅದನ್ನು ಸೆಳವು ಎನ್ನುತ್ತೇವೆ.

ಸೆಳವು ಒಂದೇ ರಾತ್ರಿಯಲ್ಲಿ ಜಾಗ ಬದಲಾಯಿಸಬಹುದು. ಅದಕ್ಕೇ ದಿನಾ ಬೆಳಿಗ್ಗೆ ಸೊಂಟದ ನೀರಿಗಿಳಿದು, ಅಂಗಾಲಿನಿಂದ ತಳ ತಡವಿ, ಮರಳು ಗಟ್ಟಿಯಿರುವ ಕಡೆಯ ನೇರಕ್ಕೆ ದಂಡೆಯಲ್ಲಿ ಬಾವುಟ ನೆಡಬೇಕು. ಆ ದಿನ ನಾನು ಇಳಿಯಲಿಲ್ಲ. ಜೊತೆಗಾರ ರಜೆ ಹಾಕಿ ಒಂಬತ್ತನೇ ದಿನ; ನನ್ನ ಮಂಡಿಯೂ ಮಾತು ಕೇಳುತ್ತಿರಲಿಲ್ಲ. ನಿನ್ನೆಯ ಗುಳಿಗಳು ಹಾಗೇ ಇದ್ದವು. ಒಂದು ದಿನಕ್ಕೆ ಏನು ಮಹಾ ಆಗುತ್ತದೆ ಎಂದು ಅವುಗಳಲ್ಲೇ ಕೋಲು ತುರುಕಿ ಬಂದು ಕೂತೆ.

ಎಂಟು ಗಂಟೆಗೆ ಅಕ್ಕ ಬಂದಳು. ನಾಲ್ಕು ದಿನದಿಂದ ನಮ್ಮ ಮನೆಯಲ್ಲೇ ಇದ್ದಳು. ಈಜು ಕಲಿತದ್ದು ಕೊಳದಲ್ಲಿ. ಐವತ್ತೆಂಟನೆಯ ವಯಸ್ಸಿನಲ್ಲಿ ಕಡಲಿಗಿಳಿಯುವ ಹುಕಿ ಬಂದಿತ್ತು. ಹಿಂದಿನ ದಿನ ಊಟಕ್ಕೆ ಕೂತಾಗ ನನ್ನ ತಲೆ ತಿಂದಿದ್ದಳು.

"ಸೆಳವು ಹಿಡೀತು ಅಂತ ಇಟ್ಕೋ. ಏನ್ ಮಾಡ್ಬೇಕು?"

"ಒದ್ದಾಡ್ಬೇಡ. ಅಂಗಾತ ತೇಲು, ಕೈ ಎತ್ತು. ನಾನ್ ಬರ್ತೀನಿ."

"ನೀನಾ? ಅಂಗಡಿಗೆ ಕಳಿಸಿದ್ರೆ ಸಂಜೆಗೆ ಬರೋನು!"

ಅವಳು ಬಂದ ಹೊತ್ತಿಗೆ ನೀರಿನಲ್ಲಿ ಬೇರೆ ಯಾರೂ ಇರಲಿಲ್ಲ. ಅಳತೆಪಟ್ಟಿ ಹಿಡಿದವಳ ಹಾಗೆ ಎರಡು ಬಾವುಟಗಳ ನಟ್ಟನಡುವೆ ಇಳಿದು, ಎದೆಮಟ್ಟಕ್ಕೆ ಹೋಗಿ, ನನ್ನತ್ತ ಕೈಬೀಸಿದಳು. ನಾನೂ ಬೀಸಿದೆ. ಆಮೇಲೆ ಕಣ್ಣಿಗೆ ಬಿತ್ತು: ಅವಳ ಎರಡೂ ಪಕ್ಕದಲ್ಲಿ ಅಲೆ ಒಡೆಯುತ್ತಿತ್ತು, ಅವಳಿದ್ದ ಕಡೆ ಮಾತ್ರ ಇಲ್ಲ.

ತೇಲುಹಲಗೆ ಎತ್ತಿಕೊಂಡು ಓಡಿದೆ. ಅಷ್ಟರಲ್ಲಿ ಅವಳ ತಲೆ ನಿಂಬೆಹಣ್ಣಿನಷ್ಟು ಕಾಣುತ್ತಿತ್ತು. ಆದರೂ ಒದ್ದಾಡುತ್ತಿರಲಿಲ್ಲ. ಅಂಗಾತ ತೇಲುತ್ತಾ ಒಂದು ಕೈ ಮೇಲೆತ್ತಿದ್ದಳು, ನಾನು ಹೇಳಿಕೊಟ್ಟ ಹಾಗೆಯೇ. ಬೇರೆಯವರಾಗಿದ್ದರೆ ದಡದತ್ತ ಬಡಿದಾಡಿ, ಸುಸ್ತಾಗಿ, ನಾನು ತಲುಪುವ ಮೊದಲೇ ಮುಳುಗಿರುತ್ತಿದ್ದರು.

ಹಲಗೆ ಹಿಡಿಸಿದೆ. ನೇರ ದಡಕ್ಕೆ ಬಾರದೆ ಪಕ್ಕಕ್ಕೆ ಈಜಿ, ಅಲೆ ಒಡೆಯುವ ಕಡೆಯಿಂದ ಕರೆತಂದೆ. ಮರಳ ಮೇಲೆ ಕೂತು ಬಹಳ ಹೊತ್ತು ಕೆಮ್ಮಿದಳು. ಬೈಯಲಿ ಎಂದು ಕಾದೆ.

"ತಪ್ಪು ನಂದೇ ಕಣೋ," ಎಂದಳು. "ಬಾವುಟದ ಮಧ್ಯಾನೇ ಇದೀನಿ ಅಂದ್ಕೊಂಡಿದ್ದೆ. ಎಲ್ಲೋ ಆಚೆ ಹೋಗಿರ್ಬೇಕು."

ಹತ್ತೊಂಬತ್ತು ವರ್ಷಗಳಲ್ಲಿ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದವಳು ಇವಳೊಬ್ಬಳೇ. ನಾಚಿಕೆಯಿಂದ ಕುಗ್ಗಿಹೋದೆ.

"ನೀನು ಮಧ್ಯಾನೇ ಇದ್ದೆ ಅಕ್ಕ. ಬಾವುಟಾನೇ ತಪ್ಪು ಜಾಗದಲ್ಲಿತ್ತು. ಬೆಳಿಗ್ಗೆ ನಾನು ನೀರಿಗೆ ಇಳೀಲೇ ಇಲ್ಲ."

ಅವಳು ಟವೆಲು ಹೊದ್ದು ಕಡಲನ್ನೇ ನೋಡುತ್ತಿದ್ದಳು. ನಾನು ಎದ್ದು ಎರಡೂ ಬಾವುಟ ಕಿತ್ತು ಮರಳಿನ ಮೇಲೆ ಮಲಗಿಸಿ, ಸೊಂಟದ ನೀರಿಗಿಳಿದೆ. ಅಂಗಾಲಿನಿಂದ ತಳ ತಡವತೊಡಗಿದೆ. ಹಿಂದಿನಿಂದ ಅವಳ ದನಿ ಕೇಳಿಸಿತು.

"ಸರಿಯಾಗಿ ನೋಡೋ. ನಾಳೆ ಮತ್ತೆ ಇಳೀತೀನಿ."