ಅಕ್ಕನ ಬೆಕ್ಕಿಗೆ ಸ್ನಾನ

ಬೆಕ್ಕೆಂದರೆ ನನಗೆ ಮೊದಲಿನಿಂದಲೂ ಹೇಸಿಗೆ. ತನ್ನ ಮೈಯನ್ನು ತಾನೇ ನೆಕ್ಕಿ, ಉದುರಿದ ಕೂದಲನ್ನೆಲ್ಲ ನುಂಗಿ, ಆಮೇಲೆ ಅದನ್ನೇ ನಮ್ಮ ಚಾಪೆಯ ಮೇಲೆ ಕಕ್ಕುವ ಪ್ರಾಣಿಯನ್ನು ಜನ ಶುಚಿ ಎನ್ನುತ್ತಾರೆ. ನಾನು ಇಪ್ಪತ್ತೆರಡು ವರ್ಷದಿಂದ ಲಾಂಡ್ರಿ ನಡೆಸುತ್ತಿದ್ದೇನೆ. ಶುಚಿ ಎಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೂ ಲಾಂಡ್ರಿಯ ಮೇಲಿನ ನಮ್ಮ ಮನೆಯಲ್ಲಿ ಎರಡು ಮುದಿ ಬೆಕ್ಕುಗಳಿವೆ. ಎರಡೂ ನನ್ನ ಗಂಡನವು. ಕಿವಿ ಹರಿದ ಗಂಡಿಗೆ ದೊಡ್ಡಪ್ಪ, ಹಲ್ಲುದುರಿದ ಹೆಣ್ಣಿಗೆ ದೊಡ್ಡಮ್ಮ ಎಂದು ಅವರೇ ಹೆಸರಿಟ್ಟಿದ್ದಾರೆ. ನನಗೂ ಅವಕ್ಕೂ ಎಣ್ಣೆ ಸೀಗೇಕಾಯಿ. ಹೀಗಿರುವಾಗ ಮೂರನೆಯದೊಂದು ಬಂತು, ಅದೂ ನನ್ನ ಕೈಯಿಂದಲೇ.

ಅಕ್ಕ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, "ನನ್ನ ಬೆಕ್ಕನ್ನ ಬೀದಿಪಾಲು ಮಾಡ್ಬೇಡ ಕಣೇ" ಅಂದಳು. ಸಾಯುವವಳ ಮುಂದೆ ಮೂಗು ಮುರಿಯಲಾಗುತ್ತದೆಯೇ? ಹೂಂ ಅಂದೆ. ನಾಲ್ಕನೆಯ ದಿನ ಅಕ್ಕ ಹೋದಳು. ಅವಳ ಬಟ್ಟೆ, ಹೊದಿಕೆ, ಸ್ವೆಟರು, ದಿಂಬಿನ ಚೀಲ ಎಲ್ಲವನ್ನೂ ತಂದು ಅದೇ ವಾರ ತೊಳೆದು, ಇಸ್ತ್ರಿ ಮಾಡಿ, ಗಂಟು ಕಟ್ಟಿ ಕಪಾಟಿನಲ್ಲಿಟ್ಟೆ. ದುಃಖವಾದರೆ ನನಗೆ ಗೊತ್ತಿರುವ ಕೆಲಸ ಅದೊಂದೇ. ಬೆಕ್ಕನ್ನು ಮಾತ್ರ ಮಷಿನ್ನಿಗೆ ಹಾಕುವಂತಿರಲಿಲ್ಲ.

ಅದೋ, ಕಣ್ಣಲ್ಲಿ ಪಿಸುರು, ಬಾಯಲ್ಲಿ ಜೊಲ್ಲು, ಬಾಲದ ಬುಡದ ವಿಷಯ ಕೇಳಲೇಬೇಡಿ. ಮೈಯೆಲ್ಲ ಮೀನಿನ ನಾತ. ಅದರ ಜೊತೆ ಮೂಗಿಗೆ ಚುರ್ರೆನ್ನುವ ಇನ್ನೇನೋ ವಾಸನೆ. ಟಬ್ಬಿಗೆ ನೀರು ಬಿಡುವ ಮುಂಚೆ ಪಶುವೈದ್ಯೆಗೆ ಫೋನ್ ಮಾಡಿದ್ದೇ ತಪ್ಪಾಯಿತು.

"ಅಯ್ಯೋ, ಬೇಡಿ! ಮೊದ್ಲೇ ಹೆದರಿದೆ. ಮೂರೂ ಹೊಂದ್ಕೊಳ್ಳೋವರ್ಗೂ ಸ್ನಾನ ಬೇಡ. ಬೇರೆ ರೂಮಲ್ಲಿಡಿ. ಒಂದು ಬಟ್ಟೇಲಿ ಇದ್ರ ಕೆನ್ನೆ, ಬೆನ್ನು ಒರೆಸಿ ಹಳೇವುಗಳ ತಟ್ಟೆ ಕೆಳಗಿಡಿ. ಅವುಗಳ್ದು ಇದಕ್ಕೆ. ವಾಸನೆ ಪರಿಚಯ ಆದ್ಮೇಲೆ ಬಾಗಿಲು ತೆಗೀರಿ."

ನನ್ನ ಗಂಡನದು ಒಂದೇ ಮಾತು. "ಒಂದು ವಾರ ನೋಡ್ತೀನಿ. ಈ ವಯಸ್ಸಲ್ಲಿ ನನ್ನ ಬೆಕ್ಕುಗಳಿಗೆ ಹಿಂಸೆ ಆದ್ರೆ, ಇದನ್ನ ಪ್ರಾಣಿಗಳ ಆಶ್ರಮಕ್ಕೆ ಬಿಟ್ಟು ಬರೋದೇ." ಆ ಆಶ್ರಮವನ್ನು ನಾನು ನೋಡಿದ್ದೇನೆ. ಇಂಥ ಮುದಿ ಬೆಕ್ಕನ್ನು ಅಲ್ಲಿಂದ ಯಾರೂ ಒಯ್ಯುವುದಿಲ್ಲ. ಅಕ್ಕನಿಗೆ ಕೊಟ್ಟ ಮಾತು ಪಂಜರದಲ್ಲಿ ಕೊಳೆಯುತ್ತದೆ.

ರಬ್ಬರ್ ಗ್ಲೌಸು ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿ, ದಿನಕ್ಕೆರಡು ಸಲ ಮೂರನ್ನೂ ಒರೆಸಿದೆ. ಎಷ್ಟೋ ಸಲ ವಾಕರಿಕೆ ಬಂದು ಬಚ್ಚಲಿಗೆ ಓಡಿದೆ. ಆದರೆ ಒಂದು ಹೊತ್ತೂ ತಪ್ಪಿಸಲಿಲ್ಲ.

ಏಳನೆಯ ದಿನ ಬಾಗಿಲು ತೆಗೆದರೆ ಕುರುಕ್ಷೇತ್ರ. ದೊಡ್ಡಪ್ಪ ಎಗರಿದ, ದೊಡ್ಡಮ್ಮ ಸೋಫಾದ ಮೇಲೆ ಉಚ್ಚೆ ಹೊಯ್ದಳು, ಅಕ್ಕನ ಬೆಕ್ಕಿನ ಕಿವಿಯಿಂದ ರಕ್ತ. ಗಂಡ ಅದನ್ನು ಆಶ್ರಮಕ್ಕೆ ಒಯ್ಯಲು ಅಟ್ಟದಿಂದ ಬುಟ್ಟಿ ಇಳಿಸಿದರು.

ಕಿವಿಗೆ ಔಷಧಿ ಹಚ್ಚಲು ಬಂದ ಪಶುವೈದ್ಯೆ ತಟ್ಟೆಯ ಕೆಳಗಿನ ಬಟ್ಟೆ ಎತ್ತಿ ನೋಡಿದರು.

"ಇದೇನಮ್ಮಾ, ಇಸ್ತ್ರಿ ಗೆರೆ?"

"ತೊಳೀದೆ ಹಾಗೇ ಇಡೋಕಾಗುತ್ತಾ? ಊಟದ ಜಾಗ ಅಲ್ವಾ? ಒರೆಸಿದ ಬಟ್ಟೇನ ಆಗಿಂದಾಗ್ಲೇ ಬಿಸಿನೀರಲ್ಲಿ ಕುದಿಸಿ, ಇಸ್ತ್ರಿ ಮಾಡಿ ಇಡ್ತಿದ್ದೆ."

ಆಕೆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ನಕ್ಕರು. "ಇಷ್ಟು ದಿನ ಇವುಗಳಿಗೆ ನೀವು ಪರಿಚಯ ಮಾಡಿಸಿರೋದು ಸೋಪನ್ನ!"

"ಹುಟ್ಟುಗುಣ ಸುಟ್ಟರೂ ಹೋಗಲ್ಲ" ಎಂದು ಗಂಡ ಹಣೆ ಚಚ್ಚಿಕೊಂಡರು. ಆದರೂ ಇನ್ನೊಂದು ವಾರ ಕೊಟ್ಟರು.

ಆ ವಾರ ನಾನು ಹೇಗೆ ಕಳೆದೆನೆಂದು ನನಗೇ ಗೊತ್ತು. ಜೊಲ್ಲು ಅಂಟಿದ, ಕೂದಲು ಮೆತ್ತಿದ ಬಟ್ಟೆ ನನ್ನ ಮನೆಯ ನೆಲದ ಮೇಲೆ, ನನ್ನ ಕಣ್ಣೆದುರು. ದಾಟಿಹೋಗುವಾಗಲೆಲ್ಲ ಕೈ ತುರಿಸುತ್ತಿತ್ತು. ತಡೆಯಲಾರದೆ ಒಮ್ಮೆ ಎತ್ತಿಕೊಂಡು ಮಷಿನ್ನಿನವರೆಗೂ ಹೋಗಿ, ವಾಪಸು ತಂದಿಟ್ಟೆ.

ಮತ್ತೆ ಬಾಗಿಲು ತೆಗೆದಾಗ ದೊಡ್ಡಪ್ಪ ಗುರ್ ಅಂದ, ಹತ್ತಿರ ಬಂದು ಹಿಂದೆ ಮುಂದೆಲ್ಲ ಮೂಸಿದ, ಒಂದು ಸಲ ಸೀನಿ ತನ್ನ ತಟ್ಟೆಗೆ ಮರಳಿದ. ದೊಡ್ಡಮ್ಮ ಎದ್ದೇಳಲೂ ಇಲ್ಲ.

"ಸರಿ, ಇರ್ಲಿ ಬಿಡು" ಅಂದರು ಗಂಡ. "ಇನ್ನಾದ್ರೂ ತೊಳಿ ಅದನ್ನ. ಮನೆಯೆಲ್ಲ ನಾರ್ತಿದೆ."

ಅದಕ್ಕೇ ಕಾದಿದ್ದೆ. ಟಬ್ಬಿಗೆ ಉಗುರು ಬೆಚ್ಚಗಿನ ನೀರು ಬಿಟ್ಟೆ. ಬೆಕ್ಕಿನ ಕುತ್ತಿಗೆಯ ಬಟ್ಟೆ ಪಟ್ಟಿಯ ಕೊಂಡಿ ಗ್ಲೌಸಿನ ಕೈಗೆ ಸಿಗಲಿಲ್ಲ, ಗ್ಲೌಸು ತೆಗೆದೆ. ಕೊಂಡಿ ಕಾಣಲೆಂದು ಬಗ್ಗಿದಾಗ ಮೂಗಿನ ಬಟ್ಟೆ ಜಾರಿತು. ಬಿಚ್ಚಿದ ಪಟ್ಟಿಯ ಒಳಮೈ ಜಿಡ್ಡುಗಟ್ಟಿ ಕಪ್ಪಾಗಿತ್ತು, ಬೆರಳಿಗೆ ಅಂಟಿತು. ಆ ಜಿಡ್ಡಿನಿಂದಲೇ ಬಂತು ಆ ಚುರ್ರೆನ್ನುವ ವಾಸನೆ.

ಮಂಡಿನೋವಿನ ಮುಲಾಮು. ಅಕ್ಕ ಬೆಳಿಗ್ಗೆ ಸಂಜೆ ಹಚ್ಚಿಕೊಂಡು, ಅದೇ ಕೈಯಲ್ಲಿ ಬೆಕ್ಕಿನ ಕುತ್ತಿಗೆ ಸವರುತ್ತಿದ್ದಳು.

ಎದ್ದು ಹೋಗಿ ಕಪಾಟಿನ ಗಂಟು ಬಿಚ್ಚಿದೆ. ಸ್ವೆಟರು ಮೂಸಿದೆ. ಹೊದಿಕೆ ಮೂಸಿದೆ. ದಿಂಬಿನ ಚೀಲಗಳನ್ನು ಒಂದೊಂದಾಗಿ ಮೂಸಿದೆ. ಎಲ್ಲದರಲ್ಲೂ ನನ್ನ ಲಾಂಡ್ರಿಯ ಸೋಪು. ಒಂದು ಎಳೆಯನ್ನೂ ಬಿಡದೆ ತೊಳೆದಿದ್ದೆ.

ಬಚ್ಚಲಿಗೆ ಬಂದು ಟಬ್ಬಿನ ನೀರು ಚೆಲ್ಲಿಬಿಟ್ಟೆ. ಪಟ್ಟಿಯನ್ನು ತಿರುಗಿ ಬೆಕ್ಕಿಗೆ ಕಟ್ಟಿ, ಅದನ್ನು ಎತ್ತಿಕೊಂಡೆ.

"ತೊಳೆದ್ಯಾ?" ಹೊರಗಿನಿಂದ ಗಂಡ ಕೇಳಿದರು.

"ಇಲ್ಲ."

"ನಾರುತ್ತೆ ಕಣೇ!"

"ನಾರಲಿ" ಅಂದೆ. ಮೀನಿನ ನಾತಕ್ಕೆ ವಾಕರಿಕೆ ಬರುತ್ತಲೇ ಇತ್ತು. ಬೆಕ್ಕು ನನ್ನ ಭುಜದ ಮೇಲೆಲ್ಲ ಜೊಲ್ಲು ಸುರಿಸಿತು. ನಾನು ಅದರ ಕುತ್ತಿಗೆಯಿಂದ ಮೂಗು ತೆಗೆಯಲಿಲ್ಲ.