ಸೊನ್ನೆ ತೋರಿಸಿದ ಮೆಗ್ಗರ್

ಮೆಗ್ಗರ್ ಅಂದರೆ ಒಂದು ಪೆಟ್ಟಿಗೆ. ಪಕ್ಕಕ್ಕೊಂದು ಹಿಡಿ, ಮುಂದಕ್ಕೆ ಎರಡು ವೈರು, ಮೇಲೊಂದು ಮುಳ್ಳು. ಹಿಡಿ ತಿರುಗಿಸಿದರೆ ಐನೂರು ವೋಲ್ಟು ಹುಟ್ಟುತ್ತದೆ. ಒಂದು ವೈರನ್ನು ಮೋಟಾರಿನ ಕಾಯಿಲಿಗೆ, ಇನ್ನೊಂದನ್ನು ಅದರ ಕಬ್ಬಿಣದ ಮೈಗೆ ಕಚ್ಚಿಸಬೇಕು. ನಡುವಿನ ತಡೆ ಗಟ್ಟಿಯಾಗಿದ್ದರೆ ಮುಳ್ಳು ಮೆಗಾ ಓಮ್ಸ್ ಲೆಕ್ಕದಲ್ಲಿ ಮೇಲೇರುತ್ತದೆ. ತಡೆ ಹರಿದಿದ್ದರೆ ಸೊನ್ನೆಗೆ ಬೀಳುತ್ತದೆ. ಸೊನ್ನೆ ತೋರಿಸಿದ ಮೋಟಾರಿಗೆ ಕರೆಂಟು ಕೊಟ್ಟು ಮೈ ಮುಟ್ಟಿದವನ ಕಥೆ ಅಲ್ಲಿಗೆ ಮುಗಿಯಿತು.

ಜಯಸಿಂಹನಿಗೆ ಮಾತ್ರ ಅದು ಆಟದ ಸಾಮಾನು. ಪೀಣ್ಯದ ನಮ್ಮ ರಿವೈಂಡಿಂಗ್ ಶೆಡ್ಡಿಗೆ ಅವನು ಫೋರ್‌ಮನ್, ಓನರ್ ಹನುಮಯ್ಯನವರ ಬಾಮೈದ. ನಾನು ಅಲ್ಲಿ ಕಾಯಿಲು ಸುತ್ತುವವಳು, ನನ್ನ ಗಂಡ ಕೊಟ್ರಪ್ಪ ಟೆಸ್ಟಿಂಗ್ ಮಾಡುವವನು. ಕೊಪ್ಪಳದ ಕಡೆಯಿಂದ ಬಂದ ನಾವು ಬಾಯಿ ಬಿಟ್ಟರೆ ಸಾಕು, ಜಯಸಿಂಹನಿಗೆ ನಗು. ಮೊದಮೊದಲು ಚಾರ್ಜು ಮಾಡಿದ ಕೆಪಾಸಿಟರನ್ನು "ಹಿಡಿಯೋ ಕೊಟ್ರಾ" ಅಂತ ಎಸೆಯುತ್ತಿದ್ದ. ಹಿಡಿದವನ ಕೈ ಜುಮ್ಮೆಂದು ಬಡಿದುಕೊಂಡರೆ ಶೆಡ್ಡಿಗೆಲ್ಲ ಮನರಂಜನೆ. ಆಮೇಲೆ ಬೆನ್ನಿಗೆ ಗುದ್ದುವುದು, ಸ್ಪ್ಯಾನರಿನಿಂದ ಮೊಣಕಾಲಿಗೆ ಕುಟ್ಟುವುದು. ಕೊನೆಗೆ ಒಂದು ಮಧ್ಯಾಹ್ನ ಇಬ್ಬರಿಂದ ಅವನ ತೋಳು ಹಿಡಿಸಿ, ಮೆಗ್ಗರಿನ ಕ್ಲಿಪ್ಪುಗಳನ್ನು ಎರಡು ಕಿವಿಗೂ ಕಚ್ಚಿಸಿದ.

"ಉತ್ತರ ಕರ್ನಾಟಕದೋನು ಎಷ್ಟು ಮೆಗಾ ಓಮ್ಸ್ ಅಂತ ನೋಡೇ ಬಿಡೋಣ!" ಎಂದು ಹಿಡಿ ತಿರುಗಿಸಿದ.

ನನ್ನ ಗಂಡ ಕಿರುಚಿದ್ದನ್ನು ಹೇಗೆ ಹೇಳಲಿ? ಬಾಯಿಂದ ಬಂದದ್ದು ಮನುಷ್ಯನ ದನಿಯಾಗಿರಲಿಲ್ಲ. ನಾಲಿಗೆ ಕಚ್ಚಿಕೊಂಡು ಗಲ್ಲದ ಮೇಲೆಲ್ಲ ರಕ್ತ. ನಾನು ಓಡಿಹೋಗಿ ಕ್ಲಿಪ್ಪು ಕಿತ್ತರೆ ಜಯಸಿಂಹ ನನ್ನ ಜುಟ್ಟು ಹಿಡಿದು ಕಾಯಿಲಿನ ರಾಶಿಯ ಮೇಲೆ ತಳ್ಳಿದ. ಹನುಮಯ್ಯನವರು ಕ್ಯಾಬಿನ್ನಿನಿಂದ ಇಣುಕಿ, "ಆಯ್ತು ಆಯ್ತು, ಕೆಲಸ ನೋಡ್ಕೊಳ್ರಪ್ಪಾ" ಎಂದು ಬಾಗಿಲು ಹಾಕಿಕೊಂಡರು. ಅವರ ಮೇಲೂ ನನಗೆ ಸಿಟ್ಟಿದೆ, ಈಗಲೂ ಇದೆ.

ಅವತ್ತು ಸಂಜೆ ರೂಮಿಗೆ ನಡೆದು ಹೋಗುವಾಗ ಕೊಟ್ರಪ್ಪ ಒಂದೇ ಮಾತು ಆಡಿದ. "ಶುಕ್ರವಾರ ನೋಡ್ತಿ ನೀ."

"ಏನ್ ಮಾಡ್ತಿ?"

"ನಾ ಏನೂ ಮಾಡಂಗಿಲ್ಲ. ಅವನ ಕೈ ಅವನಽ ಇಡ್ತಾನ."

ನನಗೆ ತಕ್ಷಣ ಹೊಳೆಯಲಿಲ್ಲ. ಶುಕ್ರವಾರ ಬೆಳಿಗ್ಗೆ ಹೊಳೆಯಿತು.

ಶುಕ್ರವಾರ ನಮ್ಮ ಶೆಡ್ಡಿನಲ್ಲಿ ಪೂಜೆ. ನೆಲಕ್ಕೆ ನೀರು ಹೊಯ್ದು ತೊಳೆಯುತ್ತೇವೆ, ಎಲ್ಲರ ಚಪ್ಪಲಿ, ಬೂಟು ಹೊರಗೆ. ಆ ವಾರ ರಿಪೇರಿಯಾದ ದೊಡ್ಡ ಮೋಟಾರಿಗೆ ಕುಂಕುಮ ಇಟ್ಟು, ಊದುಬತ್ತಿ ಬೆಳಗಿ, ಓಡಿಸುತ್ತೇವೆ. ಓಡುತ್ತಿದ್ದಂತೆ ಜಯಸಿಂಹ ಅದರ ಬೆನ್ನಿಗೆ ಅಂಗೈಯಿಂದ ಪಟಾರನೆ ಬಾರಿಸುತ್ತಾನೆ. "ನಮ್ ಮಾಲು! ಮುಟ್ಟಿ ನೋಡ್ಕೊಳಿ!" ಎನ್ನುತ್ತಾನೆ. ಗಿರಾಕಿ ಇರಲಿ ಬಿಡಲಿ, ಅದು ಅವನ ಪದ್ಧತಿ.

ನಾನು ಕುಂಕುಮ ಇಡಲು ಬಾಗಿದಾಗ ಮೈಗೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಮೋಟಾರಿನ ಅರ್ತ್ ವೈರು ಬಿಚ್ಚಿ ನೆಲದ ಮೇಲೆ ಬಿದ್ದಿತ್ತು. ಎಲ್ಲರೂ ಹೊರಗೆ ಟೀ ಕುಡಿಯುತ್ತಿದ್ದರು. ಮೆಗ್ಗರ್ ತಂದು ವೈರು ಕಚ್ಚಿಸಿ ತಿರುಗಿಸಿದೆ. ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ. ನಾನು ಸುತ್ತಿದ ಕಾಯಿಲಿನ ಅಡಿಯ ತಡೆಯ ಕಾಗದವನ್ನು ಯಾರೋ ಕೊಯ್ದಿದ್ದರು. ಮೋಟಾರಿನ ಮೇಲೆ ಸೀಮೆಸುಣ್ಣದಲ್ಲಿ ನನ್ನ ಗಂಡನ ಅಕ್ಷರದಲ್ಲೇ 'ಓಕೆ' ಎಂದು ಬರೆದಿತ್ತು.

ತಲೆ ಎತ್ತಿದರೆ ಕೊಟ್ರಪ್ಪ ನಿಂತಿದ್ದ. ಅವನ ಕಿವಿಯ ತುದಿ ಇನ್ನೂ ಕಪ್ಪಗಿತ್ತು.

"ಕೊಲೆ ಆಗ್ತದ" ಎಂದೆ.

"ಆಗ್ಲಿ. ನೀ ಸುಮ್ಕಿರು."

ಸುಮ್ಮನಾದೆ. ಹೆದರಿಕೆಯಿಂದ ಅಂದುಕೊಳ್ಳಬೇಡಿ. ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ಜಯಸಿಂಹ ವಿಲವಿಲ ಒದ್ದಾಡುವುದನ್ನು ಕಣ್ಮುಂದೆ ತಂದುಕೊಂಡೆ, ಸಂತೋಷವಾಯಿತು. ಗಂಡ ಜೈಲಿಗೆ ಹೋಗುತ್ತಾನೆ ಅನ್ನುವುದೂ ಆ ಸಂತೋಷದಲ್ಲಿ ಮುಳುಗಿಹೋಯಿತು. ನನ್ನ ಮೇಜಿನ ಹತ್ತಿರ ಹೋಗಿ, ಕಾಯಿಲು ಕೂರಿಸುವ ಮರದ ಕೊಡತಿ ಹಿಡಿದು ನಿಂತೆ.

ಪೂಜೆಯಾಯಿತು. ಗೋಡೆಯ ಸ್ಟಾರ್ಟರಿನ ಹಸಿರು ಬಟನ್ನನ್ನು ಕೊಟ್ರಪ್ಪನೇ ಒತ್ತಿದ. ಮೋಟಾರು ಗುಯ್ಯೆಂದಿತು. ಜಯಸಿಂಹ ತೋಳು ಮಡಚಿ ಕೈ ಎತ್ತಿದವನು, ಏನು ತೋಚಿತೋ, ಹಾಗೇ ನಿಂತ.

"ಇವತ್ತು ನಮ್ ಕೊಟ್ರಂಗೆ ಮರ್ಯಾದೆ ಮಾಡೋಣ ಕಣ್ರೋ. ಟೆಸ್ಟ್ ಮಾಡಿದ್ದು ಅವ್ನೇ ತಾನೇ? ಬಾರೋ, ನೀನೇ ಹೊಡಿ."

ಕೊಟ್ರಪ್ಪ ಅಲ್ಲಾಡಲಿಲ್ಲ.

"ಯಾಕೋ? ನಿನ್ ಕೆಲ್ಸದ ಮೇಲೆ ನಿಂಗೇ ನಂಬ್ಕೆ ಇಲ್ವಾ?" ಜಯಸಿಂಹ ಅವನ ಕೆನ್ನೆಗೆ ಬಾರಿಸಿದ. ಒಂದಲ್ಲ, ಎರಡು. ತುಟಿ ಒಡೆಯಿತು. ಕತ್ತು ಹಿಡಿದು ಮೋಟಾರಿನ ಕಡೆ ನೂಕಿದ. "ಹೊಡಿಯೋ ನನ್ಮಗನೇ!"

ನನ್ನ ಗಂಡ 'ಮುಟ್ಟಲ್ಲ, ಅದು ಹೊಡೀತದ' ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಿದರೆ ತಾನು ಮಾಡಿದ್ದೂ ಹೊರಬೀಳುತ್ತಿತ್ತು, ಜಯಸಿಂಹನ ಕಾಲಿಗೂ ಬೀಳಬೇಕಾಗುತ್ತಿತ್ತು. ಅವನು ನನ್ನ ಕಡೆ ನೋಡಿದ. ಆ ನೋಟ ನನಗೆ ಗೊತ್ತು. ಮದುವೆಯಾದಾಗಿನಿಂದ ನಾನು ಬೈಯುತ್ತಾ ಬಂದ ಹಟ ಅದು. ಅವನು ಅಂಗೈ ಬಿಡಿಸಿ ಕೈ ಎತ್ತಿದ.

ಸ್ಟಾರ್ಟರು ಅವನ ಬೆನ್ನ ಹಿಂದಿತ್ತು, ಅವನನ್ನು ದಾಟಿ ಹೋಗುವಷ್ಟು ಸಮಯವಿರಲಿಲ್ಲ. ಕೂಗಿದರೆ ಎಲ್ಲವೂ ಹೊರಬೀಳುತ್ತಿತ್ತು. ಓಡಿಬಂದವಳೇ ಕೊಡತಿಯಿಂದ ಅವನ ಮಣಿಕಟ್ಟಿಗೆ ಹೊಡೆದೆ. ಕಟ್ಟಿಗೆ ಮುರಿದಂಥ ಸದ್ದಾಯಿತು. ಅವನು ಕೈ ಅವುಚಿಕೊಂಡು ಗೋಡೆಯ ಬುಡಕ್ಕೆ ಕುಸಿದ.

ಜಯಸಿಂಹ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ, ಹೆಂಡ್ತಿ ಕೈಲಿ ಒದೆ ತಿಂದ್ಯಲ್ಲೋ! ಇದಕ್ಕೆಲ್ಲಾ ಗಂಡಸರು ಬೇಕು ಮಗಾ, ನೋಡಿಲ್ಲಿ" ಎಂದು ಕೈ ಬೀಸಿದ.

ಆ ಕೈ ಮೋಟಾರಿಗೆ ತಾಗಲಿಲ್ಲ. ನನ್ನ ಕೊಡತಿ ನಡುವೆಯೇ ಅದರ ಮೇಲೆ ಬಿತ್ತು. ಬೆರಳುಗಳು ಹಿಂದಕ್ಕೆ ಮಡಚಿಕೊಂಡವು, ಮೂಳೆಯೊಂದು ಚರ್ಮ ಹರಿದು ಬೆಳ್ಳಗೆ ಹೊರಬಂತು, ಮೋಟಾರಿನ ಕುಂಕುಮದ ಮೇಲೆಲ್ಲ ರಕ್ತ ಸಿಡಿಯಿತು. ಅವನು ಒದ್ದೆ ನೆಲದಲ್ಲಿ ಬಿದ್ದು ಹೊರಳಿದ. ಮೋಟಾರು ನಿಂತಿತು.

ಎಲ್ಲರೂ ನನ್ನ ಮೇಲೆ ಬೀಳುವ ಮೊದಲು ಮೆಗ್ಗರ್ ಕಚ್ಚಿಸಿ, ಹನುಮಯ್ಯನವರ ಕಣ್ಣೆದುರೇ ತಿರುಗಿಸಿದೆ. ಸೊನ್ನೆ. 'ಓಕೆ' ಅನ್ನುವ ಅಕ್ಷರವನ್ನು ಅಷ್ಟರಲ್ಲಿ ಸೆರಗಿನಿಂದ ಒರೆಸಿಯಾಗಿತ್ತು.

"ಕಾಯಿಲು ಸುತ್ತಿದಾಕಿ ನಾನಽ ಸಾರ್. ತಪ್ಪು ನಂದು. ಕಡೀ ಗಳಿಗ್ಯಾಗ ಕಂಡಿತು" ಎಂದೆ.

ಹನುಮಯ್ಯನವರ ಮುಖ ಬಿಳಿಚಿಕೊಂಡಿತು. ಕೈ ಮುಗಿದರು. "ನಮ್ಮನೆ ದೀಪ ಉಳಿಸ್ದೆ ಕಣಮ್ಮ" ಎಂದು ಅತ್ತರು. ಆಸ್ಪತ್ರೆಯಲ್ಲೂ ಪೊಲೀಸರ ಮುಂದೆ ಅದನ್ನೇ ಹೇಳಿದರು. ಕೇಸಾಗಲಿಲ್ಲ.

ಕೊಟ್ರಪ್ಪನ ಕೈ ಕೂಡಿಕೊಂಡಿತು. ಜಯಸಿಂಹನ ಬೆರಳು ಮಾತ್ರ ಇನ್ನು ಮೆಗ್ಗರಿನ ಹಿಡಿ ಹಿಡಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಅವನು ನನ್ನನ್ನು ಕಂಡಾಗಲೆಲ್ಲ ಮೊದಲು ಗೋಡೆಯ ಸ್ಟಾರ್ಟರನ್ನು ನೋಡುತ್ತಾನೆ, ಆಮೇಲೆ ನನ್ನನ್ನು. ಅವನೊಬ್ಬನಿಗೆ ಗೊತ್ತು. ನನ್ನ ಗಂಡ ಕುಸಿದು ಬಿದ್ದ ಮೇಲೆ ಮೋಟಾರು ನಿಲ್ಲಿಸುವ ಸ್ಟಾರ್ಟರಿನ ಕೆಂಪು ಬಟನ್ನು ನನ್ನ ಭುಜಕ್ಕೇ ತಾಗುತ್ತಿತ್ತು. ಅದನ್ನು ಒತ್ತಿದ್ದೂ ನಾನೇ, ಜಯಸಿಂಹನ ಕೈಗೆ ಹೊಡೆದ ಮೇಲೆ.