ಐವತ್ತು ವರ್ಷದ ದೇವಿ

ಎದುರಿನ ಸೀಟಿನ ಹೆಂಗಸು ಮೆಂತೆ ಸೊಪ್ಪು ಸೋಸುತ್ತಿದ್ದಾಳೆ, ಕಡ್ಡಿ ಕಿಟಕಿಯಾಚೆಗೆ, ಎಲೆ ಮಡಿಲಿನ ಚೀಲಕ್ಕೆ, ಲೋಕಲ್ ರೈಲು ಮರೀನ್ ಲೈನ್ಸ್ ದಾಟುವಷ್ಟರಲ್ಲಿ ಅರ್ಧ ಕಟ್ಟು ಮುಗಿಸಿದ್ದಾಳೆ, ಇಳಿಯುವ ಹೊತ್ತಿಗೆ ಅವಳ ಕೆಲಸ ಮುಗಿದಿರುತ್ತದೆ, ನನ್ನದೂ ಮುಗಿದಿದೆ, ನೌಕರಿಯೇ ಮುಗಿದಿದೆ — ನನಗೆ ನಾನು ಎಷ್ಟು ಸಲೀಸಾಗಿ ಹೇಳಿಕೊಂಡೆ, ಬಾಂದ್ರಾದ ಚಾಳಿನ ಬಾಗಿಲಲ್ಲಿ ಹಲೀಮಾ ಖಾಲಾ ನಿಂತಿರುತ್ತಾಳಲ್ಲ, ಅಮ್ಮನ ತಂಗಿ, ಅವಳಿಗೆ ಹೀಗೆ ಹೇಳಲಾಗುವುದಿಲ್ಲ. ಕ್ಯಾ ಬೇಟೀ, ನೌಕರಿ ಪಕ್ಕೀ ಹುಯೀ ಕ್ಯಾ, ಕಾಯಂ ಆಯಿತೇ ಅಂತ ದಿನಾ ಕೇಳುತ್ತಾಳೆ. ಅವಳ ಲೆಕ್ಕದಲ್ಲಿ ನೌಕರಿ ಅಂದರೆ ಬ್ಯಾಂಕು, ರೇಲ್ವೆ, ಉರ್ದು ಶಾಲೆ. ಕಲೆಯ ಇತಿಹಾಸ ಅಂದ್ರ ಏನ ಗೌಹರ, ಚಿತ್ರಾ ತಗೀತೀಯೇನ? ಇಲ್ಲ ಖಾಲಾ, ಬ್ಯಾರೆಯವರು ಮಾಡಿದ್ದನ್ನ ನೋಡತೀನಿ. ನೋಡಾಕ ಎಂ.ಎ. ಬೇಕಾತೇನವಾ? ಬೇಡ ಖಾಲಾ, ಬೇಕಾಗಿರಲಿಲ್ಲ, ಬಿಜಾಪುರದ ರಸ್ತೆಗಳಲ್ಲಿ ಟಾಂಗಾ ಓಡಿಸಿ ಅಬ್ಬಾ ನನ್ನನ್ನು ಬಡೋದೆಗೆ ಓದಲು ಕಳಿಸಬೇಕಾಗಿಯೂ ಇರಲಿಲ್ಲ, ಈ ಹೆಂಗಸಿನ ಹಾಗೆ ಸೊಪ್ಪು ಸೋಸುವುದನ್ನು ಬೇಗ ಕಲಿತಿದ್ದರೆ ಸಾಕಿತ್ತು. ಕಾಲು ನೋಯುತ್ತಿದೆ. ನಿಂತೇ ಇದ್ದೇನೆ, ಬೆಳಿಗ್ಗೆಯಿಂದ ನಿಂತೇ ಇದ್ದೇನೆ, ಅವನು ನನ್ನ ಕುರ್ಚಿಯಲ್ಲಿ ಕೂತಾಗಲೂ ನಿಂತೇ ಇದ್ದೆ.

ನಾವೊಂದಿಷ್ಟು ಜನ ಒಟ್ಟಿಗೆ ಎಂ.ಎ. ಮುಗಿಸಿ ಈ ಊರಿಗೆ ಬಂದವರು, ಮ್ಯೂಸಿಯಮ್ಮುಗಳೆಲ್ಲ ನಮಗಾಗಿ ಬಾಗಿಲು ತೆರೆದು ಕಾಯುತ್ತಿವೆ ಅಂದುಕೊಂಡವರು, ಒಬ್ಬಳು ಈಗ ವಿಮಾನ ಕಂಪನಿಯ ಕೌಂಟರಿನಲ್ಲಿ ಟಿಕೀಟು ಹರಿಯುತ್ತಾಳೆ, ಇನ್ನೊಬ್ಬ ಮಿಲ್ಲಿನಲ್ಲಿ ಸೀರೆಯಂಚಿಗೆ ಅಜಂತಾದ ಕಮಲ ಕೂರಿಸುತ್ತಾನೆ, ಮತ್ತೊಬ್ಬಳು ಮದುವೆಯಾಗಿ ಪುಣೆಯಲ್ಲಿ, ಅವಳೇ ಸುಖಿ ಅನ್ನುತ್ತಾಳೆ ಖಾಲಾ. ಹುಬ್ಬಳ್ಳಿಯ ಜಹಾಂಗೀರ ಎಲ್ಲರಿಗಿಂತ ಜಾಣ, ಕತ್ತಲಲ್ಲಿ ಕಲ್ಲು ಕೊಟ್ಟರೂ ಸವರಿ ಕಾಲ ಹೇಳುತ್ತಿದ್ದವನು, ಅಂಧೇರಿಯ ಸ್ಟುಡಿಯೋದಲ್ಲಿ ಪೌರಾಣಿಕ ಸಿನಿಮಾದ ಸೆಟ್ಟುಗಳಿಗೆ ಸಲಹೆಗಾರ. ಒಮ್ಮೆ ಸ್ಟೇಷನ್ನಿನಲ್ಲಿ ಸಿಕ್ಕು ನಗುತ್ತ ಹೇಳಿದ್ದ, ದ್ರೌಪದಿ ಸ್ವಯಂವರಕ್ಕ ಮೊಗಲರ ಕಮಾನ ಹಾಕ್ಯಾರ ಗೌಹರ, ತಪ್ಪ ಅಂದೆ, ಚಂದ ಕಾಣತೈತಲ್ಲೋ ಅಂದ್ರು — ನಗುತ್ತಿದ್ದ, ಕಣ್ಣ ಕೆಳಗೆ ಕಪ್ಪಗಿತ್ತು. ನಾನು? ನಾನು ಫೋರ್ಟ್ ಪೇಟೆಯಲ್ಲಿರುವ ಶಿವಪುತ್ರಪ್ಪನವರ ಹಳೆ ಸಾಮಾನಿನ ಅಂಗಡಿಯಲ್ಲಿ ಬೆಲೆ ಚೀಟಿಯ ಕೆಳಗೆ ಎರಡು ಸಾಲು ಚರಿತ್ರೆ ಬರೆಯುವವಳು. ಬೆಳಗಾವಿಯ ಮನುಷ್ಯ, ಕೆಟ್ಟವರಲ್ಲ, ಮಧ್ಯಾಹ್ನ ಉಡುಪಿ ಹೋಟೆಲಿನಿಂದ ನನಗೂ ಚಹಾ ತರಿಸುತ್ತಾರೆ, ಅವ್ವಾ ಅಂತಲೇ ಕರೆಯುತ್ತಾರೆ, ಮೊನ್ನೆ ಅದೇ ದನಿಯಲ್ಲಿ ಹೇಳಿದರು, ಗೌಹರವ್ವಾ, ಈ ದೇವಿ ಐವತ್ತ ವರ್ಷದ್ದು ಅಂತ ಬರದ ಸಹಿ ಹಾಕಿಬಿಡು, ಎಂ.ಎ. ಆದವರ ಸಹಿ ಇದ್ರ ಮುಂದಿನ ಕೆಲಸ ಹಗುರಾಕ್ಕೈತಿ.

ಐವತ್ತು ವರ್ಷ! ಹಿಂದಿನ ಕೋಣೆಯಲ್ಲಿ ಗೋಣಿತಾಟು ಸರಿಸಿ ನೋಡಿದ್ದೆ, ಕರಿಕಲ್ಲು, ಮೊಣಕಾಲೆತ್ತರ, ಒಂದು ಕಾಲು ಮಡಿಸಿ ಒಂದು ಕಾಲು ಇಳಿಬಿಟ್ಟು ಕೂತವಳು, ಸರದ ಒಂದೊಂದು ಮಣಿಯೂ ಬೇರೆಬೇರೆ, ಮೂಗು ಸ್ವಲ್ಪ ಸವೆದಿದೆ, ಅಷ್ಟೆ. ನಮ್ಮ ಕಡೆಯವಳು, ಚಾಲುಕ್ಯರ ಕಾಲದವಳು, ಎಂಟುನೂರು ವರ್ಷಕ್ಕೆ ಒಂದು ದಿನವೂ ಕಡಿಮೆಯಿಲ್ಲ. ನೂರು ವರ್ಷ ದಾಟಿದ್ದು ದೇಶ ಬಿಟ್ಟು ಹೋಗುವಂತಿಲ್ಲ ಅಂತ ಕಾನೂನು ಬಂದಿದೆ, ಅದಕ್ಕೇ ಐವತ್ತು. ಆಗೂದಿಲ್ರಿ ಸಾವಕಾರ್ರ, ಅಂದೆ. ಧೈರ್ಯವೇನಲ್ಲ, ಕೈಯೇ ಬರಲಿಲ್ಲ, ತಾಯಿಯನ್ನು ಮಗು ಅಂತ ಹೇಗೆ ಬರೆಯುವುದು. ಅವರು ಸಿಟ್ಟು ಮಾಡಲಿಲ್ಲ. ವಿಚಾರ ಮಾಡಿ ನೋಡವ್ವಾ, ಅಂದರು. ಇವತ್ತು ಬೆಳಿಗ್ಗೆ ಹೋದರೆ ನನ್ನ ಕುರ್ಚಿಯಲ್ಲಿ ಜಹಾಂಗೀರ.

ಅವನ ಮುಖ ಬಿಳಿಚಿಕೊಂಡಿತು. ನಿನ್ನ ಜಾಗಾ ಅಂತ ನನಗ ಗೊತ್ತಿರಲಿಲ್ಲ ಗೌಹರ, ಖರೇನ. ಗೊತ್ತಾದ ಮೇಲೂ ಏಳಲಿಲ್ಲ, ಏಳಬೇಕಿತ್ತೇ, ನಾನಾಗಿದ್ದರೆ ಏಳುತ್ತಿದ್ದೆನೇ, ಸ್ಟುಡಿಯೋ ಮುಚ್ಚೇತಿ, ಮನ್ಯಾಗ ನಮ್ಮಾಕಿ ಗುಲಾಬಿ ಬಸುರಿ ಅದಾಳ, ಕಾಯಂ ನೌಕರಿ ಕೊಡತೀನಿ ಅಂದಾರ, ಅಂದ. ಶಿವಪುತ್ರಪ್ಪನವರು ಮೂವರಿಗೂ ಚಹಾ ತರಿಸಿದರು, ಅದೇನು ಮನುಷ್ಯರೋ, ನಾಳಿಂದ ನೀ ಬರೂದು ಬ್ಯಾಡವ್ವಾ ಅಂತ ಚಹಾ ಕುಡಿಸಿ ಹೇಳಿದರು. ಆಮೇಲೆ ಹಿಂದಿನ ಕೋಣೆಗೆ ಹೋದೆವು, ನನ್ನನ್ನು ಯಾರೂ ಕರೆಯಲಿಲ್ಲ, ನಾನೇ ಹೋದೆ. ದೇವಿಯನ್ನು ಕಳಿಸುವ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿತ್ತು. ಜಹಾಂಗೀರ ದೇವಿಯ ಮುಂದೆ ಕುಕ್ಕರಗಾಲಲ್ಲಿ ಕೂತ, ಹನ್ನೆರಡನೇ ಶತಮಾನ ಹೌದಿಲ್ಲೋ ಅಂದ, ನನಗೆ ಮಾತ್ರ ಕೇಳುವ ಹಾಗೆ, ಹೂಂ ಅಂದೆ, ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಪಿಸುಗುಟ್ಟಿದ ಹಾಗಿತ್ತು, ಒಂದು ಗಳಿಗೆ ಇಬ್ಬರಿಗೂ ಖುಷಿಯೇ ಆಯಿತು, ಥೂ, ಖುಷಿ. ಓದುವಾಗಿನ ಚಾಳಿಯಂತೆ ಅವನು ಇಳಿಬಿಟ್ಟ ಆ ಪಾದದ ಬೆರಳುಗಳ ಸಂದಿಯಲ್ಲಿ ಹೆಬ್ಬೆರಳು ಒತ್ತಿ ಎಳೆದ. ತೆಗೆದಾಗ ಹೆಬ್ಬೆರಳು ಹಳದಿಯಾಗಿತ್ತು.

ಅರಿಸಿನ. ತಿಕ್ಕಿ ತೊಳೆದಿದ್ದಾರೆ, ಸಂದಿಯಲ್ಲಿ ಉಳಿದಿದೆ, ಇನ್ನೂ ಹಸಿ. ಯಾರ ಮನೆಯ ಅಟ್ಟದ್ದೂ ಅಲ್ಲ, ಯಾವ ಹಾಳು ಗುಡಿಯದ್ದೂ ಅಲ್ಲ, ಮೊನ್ನೆಮೊನ್ನೆಯವರೆಗೆ ಯಾರೋ ಮಿಂದು ಬಂದು ಹಚ್ಚುತ್ತಿದ್ದ ಅರಿಸಿನ. ಇದು ಯಾವ ಊರದ್ರಿ ಸಾವಕಾರ್ರ, ಪೂಜಾ ನಡದಿದ್ದ ದೇವಿ ಐತಿದು, ಅಂದೆ, ನನ್ನ ದನಿ ಚೀರಿದ ಹಾಗೆ ಬಂತು. ಶಿವಪುತ್ರಪ್ಪನವರು ಲೋಟ ಕೆಳಗಿಟ್ಟರು. ಪೂಜಾ ಮಾಡೋರು ಮತ್ತೊಂದ ಕಲ್ಲ ಇಟಗೋತಾರವ್ವಾ, ಅಂದರು, ಊರು ಹೇಳಲಿಲ್ಲ. ಪೊಲೀಸರಿಗೆ ಹೇಳಬಹುದಿತ್ತು, ಚೌಕಿಯ ಮೆಟ್ಟಿಲತನಕ ಹೋಗಿಯೂ ಬಂದೆ, ಯಾವ ದೇವಿ, ಯಾವ ಊರು, ಕಳವಾಯಿತು ಅಂದವರು ಯಾರು, ಒಳಗಿನವರು ಕೇಳುವ ಮೊದಲೇ ನಾನೇ ಕೇಳಿಕೊಂಡು ತಿರುಗಿ ಬಂದೆ, ನಾಳೆ ಹೋಗುತ್ತೇನೆ, ನಾಳೆ ಪೆಟ್ಟಿಗೆ ಇರುತ್ತದೆಯೇ — ದಾದರ್ ಬಂತು, ನೂಕುತ್ತಿದ್ದಾರೆ, ನಾನು ಆ ಕೋಣೆಯಲ್ಲೇ ಇದ್ದೇನೆ, ಜಹಾಂಗೀರ ನನ್ನ ಕಡೆ ನೋಡಿದ, ಸಹಿ ಮಾಡಬೇಡ ಅನ್ನಬೇಕಿತ್ತು, ನೆನಪಿಗೆ ಬಂದದ್ದು ಗುಲಾಬಿಯ ಬಸಿರು, ಅನ್ನಲಿಲ್ಲ, ಅವನು ಕರವಸ್ತ್ರ ತೆಗೆದು ಹೆಬ್ಬೆರಳು ಒರೆಸಿಕೊಂಡ, ಮತ್ತೆ ಒರೆಸಿಕೊಂಡ, ಪೆನ್ನು ತೆಗೆದುಕೊಂಡ, ಐವತ್ತು ಅಂತ ಬರೆಯುತ್ತಿದ್ದಾನೆ, ಪೆನ್ನಿಗೆ ಒತ್ತಿದ ಆ ಹೆಬ್ಬೆರಳು, ಉಗುರಿನ ಸುತ್ತ ಇನ್ನೂ ಹಳದಿ, ಒರೆಸಿದಷ್ಟೂ ಹಳದಿ —